ದೇಶಸೇವಕರ ಮನೆ ಖರ್ಚು

ಮಂಗಳೂರಿನ ಹಂಪನಕಟ್ಟೆಯ ಬಳಿ ಕೆ.ಎಸ್. ರಾವ್ ರಸ್ತೆ ಎಂಬ ಗಿಜಿಗುಡುವ ಅಂಗಡಿಬೀದಿಯಿದೆ. ಬೆಂಗಳೂರಿನಲ್ಲಿ ಸದಾಶಿವನಗರ ಎಂಬ ಬಡಾವಣೆಯಿದೆ. ಅಲ್ಲಿ ನಿವೇಶನ ಕೊಳ್ಳುವ ಮಾತು ಸಾಮಾನ್ಯ ಸಂಬಳದಾರನ ಕನಸಿನಲ್ಲೂ ಬರಲಾರದು. ಈ ಎರಡು ಹೆಸರುಗಳೂ ಒಬ್ಬರಿಗೇ ಸೇರಿದವು. ಅವರು ಕಾರ್ನಾಡು ಸದಾಶಿವರಾಯರು. 1881ರಲ್ಲಿ ಮಂಗಳೂರಿನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ಅವರು ವಕೀಲರಾಗಿ ಹೆಸರು ಗಳಿಸಿದರು. ಮಹಿಳೆಯರ ಏಳಿಗೆ, ರಾಷ್ಟ್ರೀಯ ಶಿಕ್ಷಣ, ಹರಿಜನ ಸೇವೆ, ಸ್ವಾತಂತ್ರ್ಯ ಚಳವಳಿ ಎಂದು ದುಡಿದದ್ದನ್ನೂ ಹಿರಿಯರು ಬಿಟ್ಟುಹೋದದ್ದನ್ನೂ ಸುರಿದರು. 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಆ ಸಿರಿವಂತ ವಕೀಲರು ಬರಿಗೈಯವರಾಗಿದ್ದರು.

ಇಂಥವರ ಕಥೆಯನ್ನು ನಾವು ಶಾಲೆಯ ಪಾಠಗಳಲ್ಲಿ 'ತ್ಯಾಗ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಸೇವೆಗಿಳಿದವರಿಗೂ ಹೊಟ್ಟೆಯಿದೆ, ಮನೆ ಬಾಡಿಗೆಯಿದೆ, ಮಕ್ಕಳ ಶುಲ್ಕವಿದೆ, ವಯಸ್ಸಾದ ತಂದೆತಾಯಿಗಳಿದ್ದಾರೆ. ಇವಕ್ಕೆಲ್ಲ ಹಣ ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆ ಕೇಳುವುದು ಅಗೌರವವೇನಲ್ಲ. ನಮ್ಮ ದೊಡ್ಡ ಸಾರ್ವಜನಿಕ ಕಾರ್ಯಕರ್ತರು ತಾವೇ ಈ ಪ್ರಶ್ನೆ ಕೇಳಿಕೊಂಡಿದ್ದರು, ಅದರ ಮೇಲೆ ಜಗಳವನ್ನೂ ಆಡಿದ್ದರು. ಇಂದು ನೌಕರಿ ಬಿಟ್ಟು ಪೂರ್ಣಾವಧಿ ಸಮಾಜಕಾರ್ಯಕ್ಕೆ ಇಳಿಯಬೇಕೆನ್ನುವ ತರುಣ ತರುಣಿಯರಿಗೆ ಅವರ ಲೆಕ್ಕದ ಪುಸ್ತಕ ಅವರ ಭಾಷಣಗಳಷ್ಟೇ ಉಪಯುಕ್ತ.

ಈ ಜಗಳದ ಮೊದಲ ಅಧ್ಯಾಯ ನಡೆದದ್ದು ಪುಣೆಯಲ್ಲಿ. 1884ರಲ್ಲಿ ಅಲ್ಲಿ ಸ್ಥಾಪನೆಯಾದ ಡೆಕ್ಕನ್ ಎಜುಕೇಶನ್ ಸೊಸೈಟಿ ಮರುವರ್ಷ ಫರ್ಗುಸನ್ ಕಾಲೇಜನ್ನು ತೆರೆಯಿತು. ಅದರ ಆಜೀವ ಸದಸ್ಯರು ಅಲ್ಪ ವೇತನಕ್ಕೆ 20 ವರ್ಷ ಪಾಠ ಹೇಳುವುದಾಗಿ ಮಾತು ಕೊಡಬೇಕಿತ್ತು. ಬಾಲಗಂಗಾಧರ ತಿಲಕ್, ಗೋಪಾಲ ಗಣೇಶ ಅಗರ್ಕರ್, ಗೋಪಾಲಕೃಷ್ಣ ಗೋಖಲೆ ಮೂವರೂ ಆ ಗುಂಪಿನವರು. ವೇತನ ಎಷ್ಟಿರಬೇಕು, ಸದಸ್ಯರು ಹೊರಗೆ ಬೇರೆ ಕೆಲಸ ಮಾಡಿ ಗಳಿಸಬಹುದೇ ಎಂಬ ಪ್ರಶ್ನೆಗಳು ಬೇಗನೆ ಎದ್ದವು. ಹೊರಗಿನ ಗಳಿಕೆ ಕೂಡದು, ಮಾತು ಕೊಟ್ಟ ಮೇಲೆ ಮನಸ್ಸೆಲ್ಲ ಸಂಸ್ಥೆಯಲ್ಲೇ ಇರಬೇಕು ಎಂಬುದು ತಿಲಕರ ಪಟ್ಟು. ಸಂಸಾರ ನಡೆಯಬೇಕಲ್ಲ ಎಂಬುದು ಇತರರ ಅಳಲು. 1890ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರನಡೆದ ಕಾರಣಗಳಲ್ಲಿ ಇದೂ ಮುಖ್ಯವಾದದ್ದು.

ಮುಂದೆ ತಿಲಕರು ಹಿಡಿದ ದಾರಿ ಗಮನಿಸತಕ್ಕದ್ದು. ಅವರು ಕಾನೂನು ಪರೀಕ್ಷೆಯ ವಿದ್ಯಾರ್ಥಿಗಳಿಗೆ ತರಗತಿ ನಡೆಸಿದರು. ಲಾತೂರಿನಲ್ಲಿ ಪಾಲುದಾರರೊಡನೆ ಹತ್ತಿ ಹಿಂಜುವ ಕಾರ್ಖಾನೆ ಹಾಕಿದರು. ಯಾರ ಹಂಗಿಗೂ ಬೀಳದೆ ಪತ್ರಿಕೆ ನಡೆಸಬೇಕಾದರೆ ಮನೆಗೆ ಬೇರೆ ಆದಾಯ ಬೇಕೆಂದು ಅವರೂ ಕಂಡುಕೊಂಡರು. ಬದಿಯಲ್ಲಿ ಒಂದು ದುಡಿಮೆ, ನಡುವೆ ಸೇವೆ: ಇದು ಒಂದು ದಾರಿ.

ಗೋಖಲೆಯವರಿಗೆ ಹಣದ ಬೆಲೆ ಬಾಲ್ಯದಿಂದಲೇ ಗೊತ್ತಿತ್ತು. ತಂದೆ ತೀರಿಕೊಂಡಾಗ ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ಚಾಕರಿ ಹಿಡಿದು, ಅದರಲ್ಲಿ 8 ರೂಪಾಯಿಯನ್ನು ತಮ್ಮನ ಓದಿಗೆ ಕಳಿಸುತ್ತಿದ್ದರು. ತನ್ನ ವಿದ್ಯೆಗೆ ಇನ್ನೊಬ್ಬರು ಬೆಲೆ ತೆತ್ತಿದ್ದಾರೆ ಎಂಬುದನ್ನು ಅರಿತವರು ಮುಂದೆ ಸೇವಾಸಂಸ್ಥೆ ಕಟ್ಟುವಾಗ ಕಾರ್ಯಕರ್ತನ ಸಂಸಾರವನ್ನು ಮರೆಯಲಿಲ್ಲ. 1905ರ ಜೂನ್ 12ರಂದು ಪುಣೆಯಲ್ಲಿ ಅವರು ಆರಂಭಿಸಿದ ಭಾರತ ಸೇವಕ ಸಮಾಜದ ಪ್ರತಿಜ್ಞೆಗಳಲ್ಲಿ ಒಂದು ಇದು: ಸದಸ್ಯನು ತನಗಾಗಿ ಹಣ ಗಳಿಸಲು ಶಕ್ತಿ ವ್ಯಯಿಸಬಾರದು, ತನಗೂ ತನ್ನ ಕುಟುಂಬಕ್ಕೂ ಸಮಾಜ ಕೊಟ್ಟಷ್ಟರಲ್ಲಿ ತೃಪ್ತನಾಗಿರಬೇಕು. ಮೇಲುನೋಟಕ್ಕೆ ಇದು ಸನ್ಯಾಸಿಯ ವ್ರತದಂತೆ ಕಾಣುತ್ತದೆ. ಆದರೆ ಸನ್ಯಾಸಿಗೆ ಕುಟುಂಬವಿಲ್ಲ. ಇಲ್ಲಿ ಪ್ರತಿಜ್ಞೆಯಲ್ಲೇ ಕುಟುಂಬಕ್ಕೆ ಜಾಗವಿದೆ. ಸೇವಕ ಸಂಸ್ಥೆಗೆ ಮಾತು ಕೊಟ್ಟಂತೆ ಸಂಸ್ಥೆಯೂ ಸೇವಕನ ಮನೆಗೆ ಮಾತು ಕೊಡಬೇಕಾಯಿತು. ಇದು ಎರಡನೆಯ ದಾರಿ.

ಆ ಸಮಾಜಕ್ಕೆ ಸೇರಿದವರಲ್ಲಿ ಠಕ್ಕರ್ ಬಾಪಾ ಎಂದು ಹೆಸರಾದ ಅಮೃತಲಾಲ್ ಠಕ್ಕರ್ ಒಬ್ಬರು. ಭಾವನಗರದವರಾದ ಅವರು ಎಂಜಿನಿಯರಾಗಿ ಹಲವು ಕಡೆ ದುಡಿದು ಮುಂಬಯಿ ನಗರಸಭೆಯ ಕೆಲಸಕ್ಕೆ ಬಂದಿದ್ದರು. ಅಲ್ಲಿ ಪೌರಕಾರ್ಮಿಕರ ಬವಣೆಯನ್ನು ಕಣ್ಣಾರೆ ಕಂಡು ಸೇವೆಗೆ ಮನಸ್ಸು ಮಾಡಿದರು. ಆದರೆ ಕೂಡಲೇ ಧುಮುಕಲಿಲ್ಲ. ಹಿರಿಯರ ಜವಾಬ್ದಾರಿ ಇದ್ದಷ್ಟು ಕಾಲ ಕಾದರು. 1913ರಲ್ಲಿ ತಂದೆ ತೀರಿಕೊಂಡರು. 1914ರಲ್ಲಿ, 44ನೆಯ ವಯಸ್ಸಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಡವಾಯಿತೆ? 1951ರಲ್ಲಿ ಕಣ್ಣುಮುಚ್ಚುವವರೆಗೆ ಸುಮಾರು 37 ವರ್ಷ ಅವರು ಭಿಲ್ಲರ ನಡುವೆ, ದಲಿತರ ಕೇರಿಗಳಲ್ಲಿ, ಬರ ನೆರೆಗಳ ನಾಡಿನಲ್ಲಿ ದುಡಿದರು. ಕಾದ ವರ್ಷಗಳು ವ್ಯರ್ಥವಾಗಲಿಲ್ಲ.

ಇನ್ನು ಗಾಂಧೀಜಿ. ಈ ವಿಷಯದಲ್ಲಿ ಅವರಷ್ಟು ಪ್ರಯೋಗ ಮಾಡಿದವರು ವಿರಳ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಬಿಡಿಗಾಸನ್ನೂ ಬಿಡದೆ ದಿನದ ಲೆಕ್ಕ ಬರೆದಿಡುವ ಅಭ್ಯಾಸ ಅವರದು. ಆ ಲೆಕ್ಕ ನೋಡಿಯೇ ಅವರು ಕೋಣೆ ಬದಲಿಸಿ, ಗಾಡಿ ಬಿಟ್ಟು ನಡೆದು, ಖರ್ಚನ್ನು ಅರ್ಧಕ್ಕೆ ಇಳಿಸಿದ್ದು. 1894ರಲ್ಲಿ ನಟಾಲಿನ ಭಾರತೀಯ ವರ್ತಕರು ಅವರನ್ನು ಅಲ್ಲೇ ಉಳಿಯುವಂತೆ ಒತ್ತಾಯಿಸಿದಾಗ ಅವರು ಮೊದಲು ಲೆಕ್ಕ ಹಾಕಿದರು. ಬ್ಯಾರಿಸ್ಟರನಿಗೆ ತಕ್ಕಂತೆ ಬದುಕಲು ವರ್ಷಕ್ಕೆ 300 ಪೌಂಡು ಬೇಕು. ಆದರೆ ಸಾರ್ವಜನಿಕ ಕೆಲಸಕ್ಕೆ ಆ ಹಣ ಪಡೆಯಲು ಅವರು ಒಪ್ಪಲಿಲ್ಲ. ಸಂಬಳ ಕೊಡುವವರಿಗೆ ಕಠಿಣವಾದ ಮಾತು ಹೇಳಬೇಕಾದಾಗ ನಾಲಿಗೆ ತಡವರಿಸೀತು ಎಂಬುದು ಅವರ ಭಯ. ಸುಮಾರು 20 ವರ್ತಕರು ತಮ್ಮ ವಕೀಲಿ ಕೆಲಸವನ್ನು ಅವರಿಗೇ ಒಪ್ಪಿಸಿ ಒಂದು ವರ್ಷದ ಶುಲ್ಕವನ್ನು ಮುಂಗಡ ಕೊಟ್ಟರು. ದಾದಾ ಅಬ್ದುಲ್ಲಾ ಮನೆಗೆ ಬೇಕಾದ ಪೀಠೋಪಕರಣ ಕೊಡಿಸಿದರು. ವೃತ್ತಿಗೆ ಹಣ, ಸೇವೆ ಉಚಿತ: ಇದು ಮೂರನೆಯ ದಾರಿ.

ಆದರೆ ಅವರ ಲೆಕ್ಕದಲ್ಲೂ ಒಂದು ಕಲಂ ಕೊನೆಯವರೆಗೆ ಸರಿಹೊಂದಲಿಲ್ಲ. ಅದು ಮನೆಯವರದು. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟಾಗ ಅಭಿಮಾನಿಗಳು ಚಿನ್ನ, ವಜ್ರದ ಕಾಣಿಕೆ ಕೊಟ್ಟರು. ಕಸ್ತೂರಬಾ ಅವರಿಗೆಂದೇ 50 ಗಿನಿ ಬೆಲೆಯ ಹಾರವಿತ್ತು. ಎಲ್ಲವನ್ನೂ ಸಾರ್ವಜನಿಕ ನ್ಯಾಸಕ್ಕೆ ಬಿಡಬೇಕೆಂದರು ಗಾಂಧಿ. ನಾಳೆ ಬರುವ ಸೊಸೆಯರಿಗೆ ಏನು ಕೊಡುವುದು, ನಿಮ್ಮ ಸೇವೆಯಲ್ಲಿ ನನ್ನ ದುಡಿಮೆಯೂ ಸೇರಿಲ್ಲವೇ ಎಂದು ಕಸ್ತೂರಬಾ ಕಣ್ಣೀರಿಟ್ಟು ಕೇಳಿದರು. ಹಾರ ನ್ಯಾಸಕ್ಕೇ ಹೋಯಿತು. ಆದರೆ ಆ ಪ್ರಶ್ನೆ ಹೋಗಲಿಲ್ಲ. ಭಾರತಕ್ಕೆ ಬಂದ ಮೇಲೆ ವಿಮಾ ಪ್ರತಿನಿಧಿಯೊಬ್ಬನ ಮಾತಿಗೆ ಒಪ್ಪಿ ಹೆಂಡತಿ ಮಕ್ಕಳ ಭದ್ರತೆಗೆಂದು 10,000 ರೂಪಾಯಿಯ ಜೀವವಿಮೆ ಮಾಡಿಸಿದರು. ಜೋಹಾನ್ಸ್‌ಬರ್ಗಿಗೆ ಮರಳಿದ ಮೇಲೆ ದೇವರ ಮೇಲಿನ ನಂಬಿಕೆಗೆ ಅದು ಕುಂದು ಎಂದು ಭಾವಿಸಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ಓದಿಗೆ ನೆರವಾಗಿದ್ದ ಅಣ್ಣನಿಗೆ, ಇನ್ನು ನನ್ನ ಉಳಿತಾಯ ಸಮುದಾಯಕ್ಕೆ ಸೇರಿದ್ದು ಎಂದು ಬರೆದರು. ಅಣ್ಣ ನೊಂದುಕೊಂಡರು. ಇವೆಲ್ಲವನ್ನೂ ಗಾಂಧೀಜಿಯೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮುಂದೆ ಅವರು ಈ ಸಮಸ್ಯೆಗೆ ಕೂಡುಬಾಳಿನಲ್ಲಿ ಪರಿಹಾರ ಹುಡುಕಿದರು. 1904ರ ಫೀನಿಕ್ಸ್ ವಸತಿಯಲ್ಲಿ ಯಾರಿಗಾದರೂ ತಿಂಗಳಿಗೆ 3 ಪೌಂಡು, ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಸತ್ಯಾಗ್ರಹಿಗಳು ಜೈಲಿಗೆ ಹೋದಾಗ ಅವರ ಸಂಸಾರಗಳಿಗೆ ತಿಂಗಳು ತಿಂಗಳು ಹಣ ಕೊಡುವ ಪದ್ಧತಿಯಿತ್ತು. ಅದರಲ್ಲಿ ತಾರತಮ್ಯ ಬಂತು, ನಿಧಿಯೂ ಕರಗತೊಡಗಿತು. 1910ರಲ್ಲಿ ಹರ್ಮನ್ ಕಾಲೆನ್‌ಬಾಕ್ ತಮ್ಮ 1,100 ಎಕರೆ ಜಮೀನನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎದ್ದಿತು. ಒಂದೇ ಅಡಿಗೆಮನೆ, ಎಲ್ಲರ ಕೈಯಲ್ಲೂ ಕೆಲಸ. ಆಶ್ರಮವೆಂದರೆ ನಮಗೆ ಪ್ರಾರ್ಥನೆ ನೆನಪಾಗುತ್ತದೆ. ಆದರೆ ಅದು ಚಳವಳಿಗಾರರ ಮನೆ ಖರ್ಚನ್ನು ತಗ್ಗಿಸಿದ ಏರ್ಪಾಡೂ ಆಗಿತ್ತು. ಸತ್ಯಾಗ್ರಹ ಅಷ್ಟು ವರ್ಷ ಎಳೆದು ನಿಂತದ್ದಕ್ಕೆ ಆ ಅಡಿಗೆಮನೆಯ ಪಾಲೂ ಇದೆ.

ಸಮಾಜ ತನ್ನ ಸೇವಕರ ಋಣ ತೀರಿಸುವುದಿಲ್ಲವೆಂದಲ್ಲ. 1916ರಲ್ಲಿ ಅರವತ್ತು ತುಂಬಿದ ತಿಲಕರಿಗೆ ಜನ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಅವರು ಅದನ್ನು ಹೋಂರೂಲ್ ಕೆಲಸಕ್ಕೇ ಕೊಟ್ಟರು. ಗೋಖಲೆಯವರನ್ನು ಆದರ್ಶವಾಗಿ ಕಂಡು 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಂಸ್ಥೆ ಕಟ್ಟಿದ ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ನಾಡಿನ ಜನ ಒಂದು ಲಕ್ಷ ರೂಪಾಯಿ ಅರ್ಪಿಸಿದಾಗ ಅದೂ ಆ ಸಂಸ್ಥೆಗೇ ಸೇರಿತು. ಆದರೆ ಸನ್ಮಾನದ ನಿಧಿ ಬರುವುದು ಅರವತ್ತಕ್ಕೋ ಎಂಬತ್ತಕ್ಕೋ. ಹಾಲಿನವನ ಲೆಕ್ಕ ತಿಂಗಳ ಕೊನೆಗೇ ಬರುತ್ತದೆ.

ಹಾಗಾದರೆ ಇಂದು ಈ ಹಾದಿ ಹಿಡಿಯಬಯಸುವವರು ಹಾಕಬೇಕಾದ ಲೆಕ್ಕ ಯಾವುದು? ತಿಂಗಳಿಗೆ 20,000 ರೂಪಾಯಿ ಸಾಕೆನ್ನುವ ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಷಕ್ಕೆ 2,40,000 ಆಯಿತು. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಲ್ಲಿನ ಹಳೆಯ ಅಂಕಿಅಂಶ ಪರಿಶೀಲಿಸಿ ಒಂದು ಸೂತ್ರ ಕೊಟ್ಟರು. ಮೊದಲ ವರ್ಷ ಗಂಟಿನ 4 ಭಾಗವನ್ನು, ಅಂದರೆ ನೂರಕ್ಕೆ ನಾಲ್ಕನ್ನು, ತೆಗೆದು, ಮುಂದೆ ಬೆಲೆ ಏರಿದಂತೆ ಆ ಮೊತ್ತವನ್ನು ಏರಿಸಿಕೊಂಡರೂ ಹಣ 30 ವರ್ಷ ಬಾಳುತ್ತದೆ ಎಂಬುದು ಅದರ ಸಾರ. ಅಂದರೆ ವರ್ಷದ ಖರ್ಚಿನ 25 ಪಟ್ಟು: ನಮ್ಮ ಉದಾಹರಣೆಯಲ್ಲಿ 60 ಲಕ್ಷ. ಇದು ಅಮೆರಿಕದ ಪೇಟೆಯ ಲೆಕ್ಕ. ನಮ್ಮಲ್ಲಿ, ಅದರಲ್ಲೂ ಮೂವತ್ತರ ಹರೆಯದಲ್ಲಿ ಕೆಲಸ ಬಿಡುವವರು, ಇನ್ನೂ ಎಚ್ಚರವಾಗಿರಬೇಕು. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಕ್ಕೆ ಇಮ್ಮಡಿಯಾಗುತ್ತವೆ. ಇಂದಿನ 20,000ದ ಸಂಸಾರಕ್ಕೆ 24 ವರ್ಷದ ನಂತರ 80,000 ಬೇಕು.

ಈ ಮೊತ್ತ ಕೇಳಿ ಎದೆಗುಂದಬೇಕಾಗಿಲ್ಲ. ಗೋಖಲೆಯವರ ದಾರಿಯನ್ನು ಇದಕ್ಕೆ ಸೇರಿಸಿ ನೋಡಿ. ಸೇರಿದ ಸಂಸ್ಥೆ ತಿಂಗಳಿಗೆ 10,000 ಗೌರವಧನ ಕೊಟ್ಟರೆ, ಅದೂ ಬೆಲೆಯೊಡನೆ ಏರುತ್ತಿದ್ದರೆ, ಬೇಕಾದ ಗಂಟು ಅರ್ಧಕ್ಕೆ, 30 ಲಕ್ಷಕ್ಕೆ ಇಳಿಯುತ್ತದೆ. ತಿಲಕರಂತೆ ವಾರಕ್ಕೆರಡು ದಿನ ಪಾಠ ಹೇಳಿ ಗಳಿಸಿದರೂ ಹಾಗೆಯೇ. ಹೊರಡುವ ಮೊದಲು ಸಾಲ ತೀರಿರಬೇಕು, ಮನೆಮಂದಿಗೆಲ್ಲ ಆರೋಗ್ಯ ವಿಮೆ ಇರಬೇಕು, ಒಂದು ವರ್ಷದ ಖರ್ಚು ಕೈಗೆಟಕುವಂತಿರಬೇಕು. ಭವಿಷ್ಯನಿಧಿಯ ನೌಕರರ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಒಂಬತ್ತು ವರ್ಷ ದುಡಿದವರು ಇನ್ನೊಂದು ವರ್ಷ ತಾಳುವುದು ಜಾಣತನ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ, ನೌಕರಿಯಲ್ಲಿರುವಾಗಲೇ ಒಂದು ವರ್ಷ ಆ 20,000ದಲ್ಲೇ ಬದುಕಿ ನೋಡುವುದು. ಉಳಿದ ಸಂಬಳ ಗಂಟಿಗೆ ಸೇರುತ್ತದೆ. ಆ ಬದುಕು ಮನೆಯವರಿಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಅದು ತ್ಯಾಗ ಹೇಗಾದೀತು ಎಂದು ಕೇಳುವವರಿದ್ದಾರೆ. ಕಾರ್ನಾಡು ಸದಾಶಿವರಾಯರಂಥವರು ಲೆಕ್ಕವಿಡದೆ ಕೊಟ್ಟರು. ಅವರ ಮುಂದೆ ತಲೆಬಾಗಲೇಬೇಕು. ಆದರೆ ಸೇವಕನು ಬರೆಯದೆ ಬಿಟ್ಟ ಲೆಕ್ಕ ಅಳಿಸಿಹೋಗುವುದಿಲ್ಲ. ಅದನ್ನು ಹೆಂಡತಿಯೋ ಗಂಡನೋ, ಅಣ್ಣನೋ, ಮಕ್ಕಳೋ ತೀರಿಸುತ್ತಾರೆ, ಅನೇಕ ವೇಳೆ ಅವರನ್ನು ಯಾರೂ ಕೇಳಿರುವುದೇ ಇಲ್ಲ. ಆದ್ದರಿಂದ ನೌಕರಿಗೆ ರಾಜೀನಾಮೆ ಬರೆಯುವ ಮೊದಲು ಮನೆಯವರೊಡನೆ ಕುಳಿತು ಖರ್ಚಿನ ಪಟ್ಟಿ ಬರೆಯುವುದು ಒಳಿತು. ಕಸ್ತೂರಬಾ ಕೇಳಿದ ಪ್ರಶ್ನೆಗೆ ಆಗ ಹೊರಡುವ ಮೊದಲೇ ಉತ್ತರ ಸಿಕ್ಕಿರುತ್ತದೆ.