ಸಿಗ್ನಲ್ ಇಲ್ಲದ ಮೊಬೈಲ್: ರಿಪೇರಿಗೆ ಕೊಡುವ ಮೊದಲು ಐಎಂಇಐ ನೋಡಿ

ಮುಂಬಯಿ: ಪರದೆ ಬೆಳಗುತ್ತದೆ, ಕ್ಯಾಮೆರಾ ನಡೆಯುತ್ತದೆ, ವೈಫೈ ಕೂಡ ಸಿಗುತ್ತದೆ. ಆದರೆ ಕರೆ ಹೋಗದು, ಬಾರದು. ಮೂಲೆಯಲ್ಲಿ ‘ನೋ ಸರ್ವಿಸ್’ ಎಂಬ ಎರಡು ಪದ. ಸಂಬಳದ ಹಣವನ್ನು ಮೊಬೈಲ್‌ನಿಂದಲೇ ಊರಿಗೆ ಕಳುಹಿಸುವ ಹೊಟೇಲ್ ಕಾರ್ಮಿಕರಿಗೂ, ಬ್ಯಾಂಕಿನ ಒಟಿಪಿಗಾಗಿ ಕಾಯುವ ಹಿರಿಯರಿಗೂ ಇದು ದೊಡ್ಡ ಪೇಚಾಟ. ಅವಸರದಲ್ಲಿ ಸಿಕ್ಕಿದ ಅಂಗಡಿಗೆ ಕೊಟ್ಟರೆ ಹಣ ಹೋಗುವುದರ ಜತೆಗೆ ಕಾನೂನಿನ ತೊಡಕೂ ಬರಬಹುದು.

ದೋಷ ಎಲ್ಲಿದೆ?

ಮೊದಲು ಸಿಮ್ ಕಾರ್ಡನ್ನು ಬೇರೆ ಮೊಬೈಲ್‌ಗೆ ಹಾಕಿ ನೋಡಬೇಕು. ಅಲ್ಲಿಯೂ ನಡೆಯದಿದ್ದರೆ ಸಿಮ್ ಬದಲಿಸಿದರೆ ಸಾಕು. ಅಲ್ಲಿ ನಡೆದರೆ ದೋಷ ಮೊಬೈಲ್‌ನದು. ಆಗ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣಬೇಕು. ಎರಡು ಸಿಮ್‌ಗಳ ಮೊಬೈಲ್‌ನಲ್ಲಿ ಇಂಥ ಎರಡು ಸಂಖ್ಯೆಗಳಿರುತ್ತವೆ. ಅದನ್ನು ಡಬ್ಬಿ ಅಥವಾ ಬಿಲ್‌ನಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಬೇಕು.

ಸಂಖ್ಯೆ ಸರಿಯಾಗಿದ್ದೂ ಸಿಗ್ನಲ್ ಇಲ್ಲವಾದರೆ ಆಂಟೆನಾ, ಸಿಮ್ ಟ್ರೇ ಅಥವಾ ಸೆಟ್ಟಿಂಗ್‌ನ ತೊಂದರೆ ಇರಬಹುದು. ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ರಿಸೆಟ್ ಮಾಡಿ ನೋಡಬಹುದು. ಸೆಕೆಂಡ್ ಹ್ಯಾಂಡ್ ಮೊಬೈಲ್ ಆಗಿದ್ದರೆ ಕಳವಿನ ದೂರಿನ ಮೇಲೆ ಅದನ್ನು ತಡೆಹಿಡಿದಿರುವ ಸಾಧ್ಯತೆಯೂ ಉಂಟು. ಈ ತಡೆಯ ವ್ಯವಸ್ಥೆ 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಲ್ಲೇ ಆರಂಭಗೊಂಡು, 2023ರ ಮೇಯಲ್ಲಿ ‘ಸಂಚಾರ ಸಾಥಿ’ಯ ಮೂಲಕ ದೇಶಕ್ಕೆಲ್ಲ ವಿಸ್ತರಿಸಿತು.

ಸಂಖ್ಯೆಯೇ ಕಾಣದೆ ಖಾಲಿ ಇದ್ದರೆ ಅಥವಾ ಸೊನ್ನೆಗಳೇ ತೋರಿದರೆ, ನೆಟ್‌ವರ್ಕ್ ನೋಡಿಕೊಳ್ಳುವ ‘ಬೇಸ್‌ಬ್ಯಾಂಡ್’ ಎಂಬ ಚಿಪ್ ಅಥವಾ ಅದರ ಸಾಫ್ಟ್‌ವೇರ್ ಕೆಟ್ಟಿರುವ ಸಂಭವ ಹೆಚ್ಚು. ಮೊಬೈಲ್ ಕೆಳಗೆ ಬಿದ್ದಾಗ ಚಿಪ್‌ನಡಿಯ ಬೆಸುಗೆ ಬಿರುಕು ಬಿಡುವುದು, ಮಳೆನೀರು ಒಳಸೇರುವುದು ಸಾಮಾನ್ಯ ಕಾರಣಗಳು. ಕೆಲವೊಮ್ಮೆ ತಯಾರಿಕೆಯ ದೋಷವೂ ಇರುತ್ತದೆ. ಕೆಲವು ಐಫೋನ್ 7 ಮೊಬೈಲ್‌ಗಳಲ್ಲಿ ಬೋರ್ಡಿನ ದೋಷದಿಂದ ‘ನೋ ಸರ್ವಿಸ್’ ಬರುತ್ತಿದೆ ಎಂದು ಆ್ಯಪಲ್ ಸಂಸ್ಥೆಯೇ 2018ರಲ್ಲಿ ಒಪ್ಪಿ, ಅಮೆರಿಕ, ಜಪಾನ್, ಚೀನಾ ಮುಂತಾದೆಡೆ ಮಾರಿದವನ್ನು ಉಚಿತವಾಗಿ ರಿಪೇರಿ ಮಾಡಿಕೊಟ್ಟಿತ್ತು.

ರಿಪೇರಿಯ ದಾರಿಗಳು

ವಾರಂಟಿ ಇದ್ದರೆ ಬಿಲ್ ಸಹಿತ ಕಂಪೆನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗುವುದು ಲೇಸು. ವಾರಂಟಿ ಮುಗಿದಿದ್ದರೆ ಎರಡು ದಾರಿ. ಒಂದು, ನುರಿತ ಕಾರಿಗರಿಂದ ಚಿಪ್‌ನ ಬೆಸುಗೆ ಸರಿಪಡಿಸುವುದು. ಇದಕ್ಕೆ ಖರ್ಚು ಕಡಿಮೆ, ಆದರೆ ಬಾಳಿಕೆಯ ಖಾತರಿಯಿಲ್ಲ. ಎರಡು, ಬೋರ್ಡನ್ನೇ ಬದಲಿಸುವುದು. ಇದು ದುಬಾರಿ, ಹಳೆಯ ಬೋರ್ಡಿನೊಂದಿಗೆ ಫೋಟೊ, ದಾಖಲೆಗಳೂ ಹೋಗುತ್ತವೆ. ಹೊಸ ಬೋರ್ಡಿಗೆ ಬೇರೆ ಐಎಂಇಐ ಬಂದರೆ ಅದನ್ನು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಲು ಮರೆಯಬಾರದು.

ಬೇಸ್‌ಬ್ಯಾಂಡ್ ಕೆಟ್ಟ ಐಫೋನನ್ನು ಪೂರ್ತಿ ರಿಸೆಟ್ ಮಾಡಿದರೆ ಮತ್ತೆ ಆ್ಯಕ್ಟಿವೇಟ್ ಆಗದೆ ಉಳಿಯಬಹುದು. ಆದ್ದರಿಂದ ವೈಫೈ ನಡೆಯುತ್ತಿರುವಾಗಲೇ ಬ್ಯಾಕಪ್ ತೆಗೆದಿಡಬೇಕು.

ನಂಬರ್ ಬದಲಿಸುವುದು ಅಪರಾಧ

‘ಹೊಸ ಐಎಂಇಐ ಹಾಕಿಕೊಡುತ್ತೇವೆ’ ಎಂಬ ಅಗ್ಗದ ಆಶ್ವಾಸನೆಗೆ ಬಲಿಯಾಗಬಾರದು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಐಎಂಇಐ ತಿದ್ದುವುದಕ್ಕೆ 3 ವರ್ಷಗಳವರೆಗೆ ಜೈಲು, 50 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಉಂಟು. ತಿದ್ದಿದ್ದೆಂದು ತಿಳಿದೂ ಅಂಥ ಮೊಬೈಲ್ ಇಟ್ಟುಕೊಳ್ಳುವುದೂ ತಪ್ಪು. ಸಾಫ್ಟ್‌ವೇರ್ ಕೆಟ್ಟು ಸಂಖ್ಯೆ ಅಳಿಸಿದ್ದರೆ, ಮೂಲ ಸಂಖ್ಯೆಯನ್ನು ಮರಳಿ ಪಡೆಯಲು ಅಧಿಕೃತ ಸೆಂಟರ್‌ಗೇ ಹೋಗಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಣ ಕೊಡುವ ಮೊದಲು ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಮೊಬೈಲ್‌ನ ವಿವರ ತಿಳಿಯುತ್ತದೆ. ಸರ್ವಿಸ್ ಸೆಂಟರ್‌ನಿಂದ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಡಬ್ಬಿ, ಬಿಲ್ಲುಗಳನ್ನು ಎಸೆಯದೆ ಜೋಪಾನವಾಗಿಡುವುದು ಎಲ್ಲಕ್ಕಿಂತ ಮುಖ್ಯ.