ಟೈಲ್ಸ್ ಲೆಕ್ಕ ಚದರಡಿಗೇ ಮುಗಿಯುವುದಿಲ್ಲ

ಮನೆ ಕೆಲಸ ನೆಲದ ಹಂತಕ್ಕೆ ಬಂದಾಗ ಟೈಲ್ಸ್ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಚದರಡಿ ಬೇಕು?’ ಎಂಬುದು. ಕೋಣೆಯ ಉದ್ದ, ಅಗಲ ಗುಣಿಸಿ, ನೂರಕ್ಕೆ 10ರಷ್ಟು ವೇಸ್ಟೇಜ್ ಸೇರಿಸಿ ಒಂದು ಸಂಖ್ಯೆ ಹೇಳುತ್ತೇವೆ. ಎರಡು ಅಂಗಡಿಗಳ ಬೆಲೆ ಹೋಲಿಸಲು ಇಷ್ಟು ಸಾಕು. ಎಷ್ಟು ಬಾಕ್ಸ್ ತರಿಸಬೇಕು ಎಂಬುದಕ್ಕೆ ಮಾತ್ರ ಇದು ಅರ್ಧ ಉತ್ತರ. ಟೈಲ್ಸನ್ನು ಚದರಡಿಯಲ್ಲಿ ಮಾರುತ್ತಾರೆ, ಆದರೆ ನೆಲಕ್ಕೆ ಕೂರುವುದು ಇಡೀ ಬಿಲ್ಲೆಗಳು ಮತ್ತು ಅವುಗಳಿಂದ ಕತ್ತರಿಸಿದ ತುಂಡುಗಳು. ಮೊದಲ ಬಿಲ್ಲೆ ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸದೆ ಎಷ್ಟು ಬೇಕೆಂದು ಹೇಳಲು ಬರುವುದಿಲ್ಲ ಎಂಬುದೇ ನನ್ನ ವಾದ.

ಮೊದಲು ಬಿಲ್ಲೆಯ ಅಳತೆಯನ್ನೇ ನೋಡೋಣ. ಮಾರುಕಟ್ಟೆಯಲ್ಲಿ ‘ಎರಡು-ಎರಡು’ ಎಂದು ಕರೆಯುವ ವಿಟ್ರಿಫೈಡ್ ಟೈಲ್ಸ್ ನಿಜವಾಗಿ 2 ಅಡಿ ಇರುವುದಿಲ್ಲ. ಅದರ ಬದಿ 600 ಮಿಲಿಮೀಟರ್. 2 ಅಡಿ ಎಂದರೆ ಸುಮಾರು 610. ಬದಿಗೆ 10 ಮಿಲಿಮೀಟರ್ ಕಡಿಮೆಯಾದರೆ ಏನು ಮಹಾ ಎನ್ನಿಸಬಹುದು. ಆದರೆ 4 ಬಿಲ್ಲೆಗಳ ಬಾಕ್ಸ್ 16 ಚದರಡಿ ಮುಚ್ಚುವ ಬದಲು 15.5 ಚದರಡಿಯನ್ನಷ್ಟೇ ಮುಚ್ಚುತ್ತದೆ. 1000 ಚದರಡಿಯ ನೆಲಕ್ಕೆ 63 ಬಾಕ್ಸ್ ಸಾಕೆಂದುಕೊಂಡವರಿಗೆ, ಒಂದು ತುಂಡೂ ಹಾಳಾಗದಿದ್ದರೂ, 65 ಬೇಕಾಗುತ್ತದೆ. ವೇಸ್ಟೇಜಿಗೆಂದು ಸೇರಿಸಿದ ಹತ್ತರಲ್ಲಿ ಮೂರು ಪಾಲು ಹೀಗೆ ಕೆಲಸ ಶುರುವಾಗುವ ಮೊದಲೇ ಖರ್ಚಾಗಿರುತ್ತದೆ.

ಈಗ ನಮ್ಮ ಮನೆಗಳಲ್ಲಿ ಸರ್ವೇಸಾಮಾನ್ಯವಾದ 10 ಅಡಿ, 12 ಅಡಿಯ ಮಲಗುವ ಕೋಣೆಗೆ ಬರೋಣ. ಕಾಗದದ ಮೇಲೆ ಇದು ಎರಡು-ಎರಡು ಬಿಲ್ಲೆಗೆಂದೇ ಮಾಡಿದಂತಿದೆ: ಅಡ್ಡಕ್ಕೆ 5, ಉದ್ದಕ್ಕೆ 6, ಒಟ್ಟು 30. ನಕ್ಷೆಯಲ್ಲಿರುವುದು ಇಟ್ಟಿಗೆಯಿಂದ ಇಟ್ಟಿಗೆಗೆ ಹಿಡಿದ ಅಳತೆಯಾದರೆ, ಎರಡೂ ಗೋಡೆಗಳ ಪ್ಲಾಸ್ಟರಿಂಗ್ ಸೇರಿ ಸುಮಾರು ಒಂದು ಅಂಗುಲ ಒಳಗೆ ಬರುತ್ತದೆ. ಆಗ 2 ಮಿಲಿಮೀಟರ್ ಸ್ಪೇಸರ್ ಇಟ್ಟು ಕೂರಿಸಿದ ಇಡೀ ಬಿಲ್ಲೆಗಳು ಗೋಡೆಯ ಹತ್ತಿರಕ್ಕೇ ತಲುಪುತ್ತವೆ, ಉಳಿದ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ನೆಲಕ್ಕೆ 30, ನಾಲ್ಕು ಅಂಗುಲದ ಸ್ಕರ್ಟಿಂಗಿಗೆ 5, ಅಲ್ಲಿಗೆ 35. ಆದರೆ ಪ್ಲಾಸ್ಟರಿಂಗ್ ಆದ ಮೇಲೂ ಕೋಣೆ ಪೂರ್ತಿ 10 ಅಡಿ, 12 ಅಡಿ ಉಳಿದಿದ್ದರೆ ಕಥೆಯೇ ಬೇರೆ. ಒಂದು ಗೋಡೆಯ ಬಳಿ ಒಂದೂವರೆ ಅಂಗುಲ, ಇನ್ನೊಂದರ ಬಳಿ ಸುಮಾರು ಎರಡು ಅಂಗುಲ ನೆಲ ಖಾಲಿ ಉಳಿಯುತ್ತದೆ. ಆ ಸಪೂರ ಪಟ್ಟಿಗಳನ್ನು ವಾರ್ಡ್‌ರೋಬ್ ಅಥವಾ ಮಂಚ ಬರುವ ಕಡೆಗೆ ತಳ್ಳಿ, ಒಂದೆರಡು ಬಿಲ್ಲೆಗಳನ್ನು ಸೀಳಿ ತುಂಬಿದರೆ 37ಕ್ಕೆ ಕೆಲಸ ಮುಗಿಯುತ್ತದೆ. ಪಟ್ಟಿ ಕಣ್ಣಿಗೆ ಬೀಳಬಾರದು, ನಾಲ್ಕೂ ಕಡೆ ಸಮನಾಗಿ ಕಾಣಬೇಕು ಎಂದು ಮಧ್ಯದಿಂದ ಜೋಡಿಸಿದರೆ, ಪ್ರತಿ ಗೋಡೆಯ ಬಳಿ ಸುಮಾರು 320 ಮಿಲಿಮೀಟರಿನ ತುಂಡು ಬರುತ್ತದೆ. ಇದು ಅರ್ಧ ಬಿಲ್ಲೆಗಿಂತ ಸ್ವಲ್ಪವೇ ದೊಡ್ಡದು, ಹಾಗಾಗಿ ಒಂದರಿಂದ ಎರಡು ಏಳುವುದಿಲ್ಲ. ಪ್ರತಿ ತುಂಡಿಗೂ ಒಂದು ಇಡೀ ಬಿಲ್ಲೆ ಹೋಗುತ್ತದೆ. ಆಗ ಲೆಕ್ಕ 42. ಉಳಿದ ತುಂಡುಗಳಲ್ಲೇ ಸ್ಕರ್ಟಿಂಗ್ ಪೂರ್ತಿ ಸಿಗುತ್ತದೆ ಎಂಬುದೊಂದೇ ಸಮಾಧಾನ. ನಕ್ಷೆಯಲ್ಲಿ 120 ಚದರಡಿ ಎಂದೇ ಬರೆದಿರುವ ಕೋಣೆಗೆ 9 ಬಾಕ್ಸ್, 10 ಬಾಕ್ಸ್, 11 ಬಾಕ್ಸ್ — ಮೂರೂ ಸರಿಯಾದ ಉತ್ತರಗಳೇ.

‘ಇದಕ್ಕೇ ಅಲ್ಲವೇ ಹತ್ತು ಪರ್ಸೆಂಟ್ ಸೇರಿಸುವುದು?’ ಎಂದು ಅನುಭವಿ ಮೇಸ್ತ್ರಿಗಳು ಕೇಳಬಹುದು. ಸೇರಿಸಿ ನೋಡಿ: 132 ಚದರಡಿ, ಅಂದರೆ 9 ಬಾಕ್ಸ್, 36 ಬಿಲ್ಲೆ. ಮೊದಲ ಬಗೆಗೆ ಒಂದು ಉಳಿಯುತ್ತದೆ, ಎರಡನೆಯದಕ್ಕೆ ಒಂದು ಸಾಲದು, ಮೂರನೆಯದಕ್ಕೆ ಆರು ಸಾಲದು. ಇಡೀ ಮನೆಗೆ ಒಂದೇ ಟೈಲ್ಸ್ ಹಾಕುವಾಗ ಒಂದು ಕೋಣೆಯ ತುಂಡು ಇನ್ನೊಂದಕ್ಕೆ ಆಗುತ್ತದೆ, ಏರುಪೇರು ಒಂದಕ್ಕೊಂದು ಸರಿಹೋಗುತ್ತದೆ ಎಂಬ ಮಾತಿನಲ್ಲಿ ನಿಜವಿದೆ. ಅಂಥ ಮನೆಯಲ್ಲಿ ಹತ್ತು ಪರ್ಸೆಂಟ್ ಅನೇಕ ಸಲ ನಿಲ್ಲುತ್ತದೆ. ಆದರೆ ಹಾಲ್‌ಗೊಂದು, ಕೋಣೆಗೊಂದು ವಿನ್ಯಾಸ ಆರಿಸಿದ ಕೂಡಲೇ ಆ ಅನುಕೂಲ ಹೋಗುತ್ತದೆ. ಬಿಲ್ಲೆ ದೊಡ್ಡದಾದಷ್ಟೂ ಹಾಳಾಗುವ ತುಂಡೂ ದೊಡ್ಡದು. ಈಗ ಎಲ್ಲರೂ ಕೇಳುವ ‘ಎರಡು-ನಾಲ್ಕು’ ಬಿಲ್ಲೆಗೆ ಹಳೆಯ ರೂಢಿಯ ಶೇಕಡಾವಾರು ಲೆಕ್ಕವನ್ನು ನಂಬುವುದು ನನಗೆ ಸರಿ ಕಾಣುವುದಿಲ್ಲ.

‘ಕಡಿಮೆ ಬಿದ್ದರೆ ಆಮೇಲೆ ನಾಲ್ಕು ಬಾಕ್ಸ್ ತಂದರಾಯಿತು’ ಎನ್ನುವುದು ಇನ್ನೂ ಅಪಾಯದ ಮಾತು. ಗುಜರಾತಿನ ಮೋರ್ಬಿಯಿಂದ ಬರಲಿ, ಬೇರೆಲ್ಲಿಂದಲೇ ಬರಲಿ, ಕುಲುಮೆಯಲ್ಲಿ ಸುಟ್ಟ ಟೈಲ್ಸ್ ಬ್ಯಾಚಿನಿಂದ ಬ್ಯಾಚಿಗೆ ಬಣ್ಣದಲ್ಲಿ ಕೂದಲೆಳೆಯಷ್ಟಾದರೂ ಬದಲಾಗುತ್ತದೆ. ಅದಕ್ಕೇ ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ಗುರುತು ಇರುವುದು. ಅಂಗಡಿಯ ಬೆಳಕಿನಲ್ಲಿ ಒಂದೇ ಎನಿಸಿದ್ದು ಕಿಟಕಿಯ ಬಿಸಿಲಿಗೆ ಬೇರೆಯಾಗಿ ಕಾಣುತ್ತದೆ. ಹೆಚ್ಚು ತಂದು ಉಳಿದದ್ದನ್ನು ಮರಳಿಸುವುದು ಇದಕ್ಕಿಂತ ಮೇಲು. ಒಡೆಯದ ಬಾಕ್ಸ್ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಅಪಾರ್ಟ್‌ಮೆಂಟ್ ಕೊಂಡವರು ಕರಾರು ಪತ್ರದಲ್ಲಿರುವ ಕಾರ್ಪೆಟ್ ಏರಿಯಾವನ್ನೇ ನೆಲದ ಅಳತೆ ಎಂದು ಅಂಗಡಿಗೆ ಒಯ್ಯುವುದುಂಟು. 2016ರ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗಿನ ಅಡ್ಡಗೋಡೆಗಳ ದಪ್ಪವೂ ಸೇರಿರುತ್ತದೆ, ಬಾಲ್ಕನಿ ಸೇರಿರುವುದಿಲ್ಲ. ಟೈಲ್ಸ್ ಬೇಕಾಗುವುದು ಬಾಲ್ಕನಿಗೆ, ಗೋಡೆಯ ಬುಡಕ್ಕಲ್ಲ. ಹೀಗಾಗಿ ಆ ಸಂಖ್ಯೆಯನ್ನು ಬದಿಗಿಟ್ಟು ಪ್ಲಾಸ್ಟರಿಂಗ್ ಮುಗಿದ ಕೋಣೆಯನ್ನೇ ಅಳೆಯಬೇಕು. ಅದೂ ಒಂದೇ ಕಡೆಯಲ್ಲ: ಎರಡು ತುದಿಗಳಲ್ಲಿ ಮತ್ತು ನಡುವೆ ಟೇಪ್ ಹಿಡಿದು, ಮೂಲೆಯಿಂದ ಮೂಲೆಗೂ ನೋಡಬೇಕು. ಕರ್ಣಗಳೆರಡೂ ಸಮನಾಗಿಲ್ಲದಿದ್ದರೆ ಗೋಡೆ ಓರೆಯಿದೆ ಎಂದರ್ಥ. ಆ ಬದಿಯ ತುಂಡುಗಳನ್ನೆಲ್ಲ ಓರೆಯಾಗಿಯೇ ಕತ್ತರಿಸಬೇಕಾಗುತ್ತದೆ. ಆಮೇಲೆ ಮೇಸ್ತ್ರಿಯ ಜೊತೆ ನಿಂತು, ಬಾಗಿಲಲ್ಲಿ ಇಡೀ ಬಿಲ್ಲೆ ಕಾಣಬೇಕೇ, ತುಂಡು ಯಾವ ಗೋಡೆಗೆ ಹೋಗಲಿ ಎಂದು ನಿರ್ಧರಿಸಿ, ನೆಲದ ಮೇಲೆ ದಾರ ಹಿಡಿದು ಸೀಮೆಸುಣ್ಣದಲ್ಲಿ 602 ಮಿಲಿಮೀಟರಿಗೊಂದು ಗುರುತು ಹಾಕಿದರೆ, ಇಡೀ ಬಿಲ್ಲೆ ಎಷ್ಟು, ತುಂಡು ಎಷ್ಟು ಎಂದು ಎಣಿಸಿಯೇ ಹೇಳಬಹುದು. ಆ ಎಣಿಕೆಗೆ ಒಡೆಯುವುದಕ್ಕೆಂದು ಸ್ವಲ್ಪ, ಮುಂದೆ ನಲ್ಲಿಯ ಪೈಪಿಗಾಗಿ ನೆಲ ಅಗೆಯಬೇಕಾದರೆ ಇರಲೆಂದು ಒಂದು ಬಾಕ್ಸ್ ಸೇರಿಸಿದರೆ ಆರ್ಡರ್ ಕೊಡಬಹುದು.