ಸಣ್ಣ ಉಪಕಾರ ಎಲ್ಲಿ ತಾಗುತ್ತದೆ

ಪಿಯು ಫಲಿತಾಂಶ ಬಂದ ದಿನ ಮನೆಗೆ ಬರುವ ಫೋನುಗಳನ್ನು ಗಮನಿಸಿ. ಸೋದರಮಾವ, ಚಿಕ್ಕಮ್ಮ, ಅಪ್ಪನ ಆಫೀಸಿನವರು, ಎದುರುಮನೆಯವರು, ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟು ಬಂತು?’ ಕೇಳುವವರಲ್ಲಿ ಹೆಚ್ಚಿನವರಿಗೆ ಆ ಹುಡುಗಿಯ ಮೇಲೆ ನಿಜವಾದ ಅಕ್ಕರೆಯೇ ಇದೆ. ಆದರೆ ಅಕ್ಕರೆ ಅವಳವರೆಗೆ ತಲುಪುವಷ್ಟರಲ್ಲಿ ಅದಕ್ಕೊಂದು ಲೆಕ್ಕ ಅಂಟಿಕೊಂಡಿರುತ್ತದೆ. ಅವತ್ತೇ ಯಾರಾದರೂ ‘ಸಂಜೆ ದೋಸೆ ತಿನ್ನೋಕೆ ಹೋಗೋಣ, ರೆಡಿಯಾಗಿರು’ ಎಂದಷ್ಟೇ ಹೇಳಿದರೆ? ಹೇಳಬೇಕು ಅನ್ನಿಸಿದವರೂ ಎಷ್ಟೋ ಸಲ ಸುಮ್ಮನಾಗಿಬಿಡುತ್ತಾರೆ. ಒಂದು ದೋಸೆಯಿಂದ ಏನಾದೀತು ಎಂಬ ಸಂಕೋಚ.

ಈ ಸಂಕೋಚ ಎಷ್ಟು ತಪ್ಪು ಅಂದಾಜಿನ ಮೇಲೆ ನಿಂತಿದೆ ಎಂದು ಅಳೆದು ನೋಡಿದವರಿದ್ದಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಅಮೆರಿಕದ ಷಿಕಾಗೊದಲ್ಲಿ, ಚಳಿಗಾಲದಲ್ಲಿ ಜನ ಸ್ಕೇಟಿಂಗ್ ಆಡಲು ಸೇರುವ ಪಾರ್ಕಿನಲ್ಲಿ, ಬಂದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟರು. ಬೇಕಾದರೆ ನೀವೇ ಕುಡಿಯಿರಿ, ಇಲ್ಲವೇ ಇಲ್ಲಿರುವ ಯಾರಾದರೂ ಅಪರಿಚಿತರಿಗೆ ಕೊಡಿಸಿ ಎಂದರು. ಬಹುಪಾಲು ಮಂದಿ ಕೊಡಿಸಿದರು. ಪಡೆದವರಿಗೆ ಇದು ಎಷ್ಟು ದೊಡ್ಡದಾಗಿ ಕಂಡಿರಬಹುದು ಎಂದು ಅವರನ್ನು ಕೇಳಿದರೆ, ಅವರ ಅಂದಾಜು ಪಡೆದವರು ಹೇಳಿದ್ದಕ್ಕಿಂತ ಕಡಿಮೆಯೇ ಇತ್ತು. ಅದೇ ಪಾರ್ಕಿನಲ್ಲಿ ಇನ್ನೊಮ್ಮೆ ಕಪ್‌ಕೇಕ್ ಹಂಚಿದಾಗ ಕಾರಣ ತಿಳಿಯಿತು. ಪ್ರಯೋಗದಲ್ಲಿ ಭಾಗವಹಿಸಿದ್ದಕ್ಕೆ ಕೇಕ್ ಸಿಕ್ಕವರಿಗಿಂತ, ಯಾರೋ ತಮಗಾಗಿ ಬಿಟ್ಟುಕೊಟ್ಟದ್ದು ಎಂದು ತಿಳಿದು ತಿಂದವರು ಹೆಚ್ಚು ಖುಷಿಪಟ್ಟರು. ಕೇಕ್ ಅದೇ. ಕೊಡುವವನ ಕಣ್ಣು ವಸ್ತುವಿನ ಮೇಲಿರುತ್ತದೆ. ಪಡೆದವನಿಗೆ ನಾಟುವುದು ತನ್ನನ್ನು ಒಬ್ಬರು ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು. ಹಾಗೆ ಪಡೆದವರು ಆಮೇಲೆ ಬೇರೆಯವರ ಜತೆ ಹಣ ಹಂಚಿಕೊಳ್ಳುವ ಆಟದಲ್ಲೂ ಹೆಚ್ಚು ಧಾರಾಳವಾಗಿದ್ದರು.

ಇದು ದೊಡ್ಡವರ ವಿಷಯವಾಯಿತು. ಮಕ್ಕಳಲ್ಲಿ?

ಕೆನಡಾದ ವ್ಯಾಂಕೂವರಿನಲ್ಲಿ 9ರಿಂದ 11 ವರ್ಷದ ಮಕ್ಕಳ 19 ತರಗತಿಗಳಲ್ಲಿ ನಾಲ್ಕು ವಾರ ನಡೆಸಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ವಾರಕ್ಕೆ ಮೂರು ಉಪಕಾರದ ಕೆಲಸ, ಉಳಿದವರಿಗೆ ವಾರಕ್ಕೆ ಮೂರು ಜಾಗಗಳಿಗೆ ಹೋಗಿಬರುವುದು. ಯಾವ ಉಪಕಾರ, ಯಾರಿಗೆ ಎಂಬುದು ಮಕ್ಕಳದೇ ಆಯ್ಕೆ. ಅವರು ಮಾಡಿದ್ದೂ ಅಂಥ ಮಹತ್ಕಾರ್ಯವೇನಲ್ಲ: ಕೆಲಸದಿಂದ ಸುಸ್ತಾಗಿ ಬಂದ ಅಮ್ಮನನ್ನು ಅಪ್ಪಿಕೊಂಡದ್ದು, ಡಬ್ಬಿಯ ಊಟ ಹಂಚಿಕೊಂಡದ್ದು, ಮನೆ ಗುಡಿಸಿದ್ದು. ಇನ್ನೊಂದು ಗುಂಪು ಅಜ್ಜಿಮನೆಗೋ ಅಂಗಡಿಗೋ ಆಟದ ಮೈದಾನಕ್ಕೋ ಹೋಗಿಬಂತು. ಕೊನೆಗೆ ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಖುಷಿಯಾಗಿದ್ದರು. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಯಾರ ಜತೆ ಸೇರಿ ಶಾಲೆಯ ಕೆಲಸ ಮಾಡಲು ಇಷ್ಟ ಎಂದು ಸಹಪಾಠಿಗಳ ಹೆಸರಿಗೆ ಗುರುತು ಹಾಕಿಸಿದಾಗ, ಉಪಕಾರ ಮಾಡಿದ ಮಕ್ಕಳಿಗೆ ಬಿದ್ದ ಗುರುತುಗಳು ಸರಾಸರಿ ಒಂದೂವರೆಯಷ್ಟು ಏರಿದ್ದವು. ಜಾಗ ನೋಡಿ ಬಂದವರಲ್ಲಿ ಅಷ್ಟು ಏರಿಕೆ ಕಾಣಲಿಲ್ಲ.

ಒಂದೂವರೆ ಗೆಳೆಯ ಎಂದರೆ ನಗು ಬರಬಹುದು. ಮಧ್ಯಾಹ್ನ ಒಬ್ಬನೇ ಬುತ್ತಿ ಬಿಚ್ಚುವ ಹುಡುಗನಿಗೆ ಹೊಸದಾಗಿ ಒಬ್ಬ ಸಿಕ್ಕರೆ ಅವನ ಶಾಲೆಯೇ ಬೇರೆಯಾಗುತ್ತದೆ. ಇಲ್ಲಿ ನಾವು ಸಾಮಾನ್ಯವಾಗಿ ತಲೆಕೆಳಗಾಗಿ ಯೋಚಿಸುತ್ತೇವೆ. ಮಂಕಾಗಿರುವ ಮಗು ಕಂಡರೆ ‘ಎಲ್ಲರೂ ಅವನಿಗೆ ಒಳ್ಳೆಯದು ಮಾಡಿ’ ಎನ್ನುತ್ತೇವೆ. ಅವನಿಂದಲೇ ಒಂದು ಉಪಕಾರ ಕೇಳುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಅಮೆರಿಕದ ಒಹಾಯೊದಲ್ಲಿ ಖಿನ್ನತೆ, ಆತಂಕದ ಲಕ್ಷಣಗಳಿದ್ದ 122 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಜನರೊಡನೆ ಸೇರುವ ಕಾರ್ಯಕ್ರಮ, ಇನ್ನೊಂದಕ್ಕೆ ತಮ್ಮ ಯೋಚನೆಗಳನ್ನು ಬರೆದು ಪರೀಕ್ಷಿಸುವ ಚಿಕಿತ್ಸಾ ಅಭ್ಯಾಸ, ಮೂರನೆಯದಕ್ಕೆ ವಾರದಲ್ಲಿ ಎರಡು ದಿನ ಮೂರು ಮೂರು ಉಪಕಾರ. ಎಲ್ಲರಿಗೂ ಒಂದಷ್ಟು ಹಗುರವಾಯಿತು. ಆದರೆ ಜನರ ಜತೆ ನಂಟು ಮರಳಿ ಕೂಡಿಕೊಂಡದ್ದು ಮೂರನೆಯವರಿಗೆ. ತನ್ನ ಮೇಲೆಯೇ ನಿಂತುಬಿಟ್ಟ ಗಮನ ಸ್ವಲ್ಪ ಹೊತ್ತು ಬೇರೆಯವರ ಕಡೆ ತಿರುಗುವುದೇ ಇದರ ಗುಟ್ಟು ಇರಬೇಕು ಎನ್ನುತ್ತಾರೆ ಆ ಸಂಶೋಧಕರು. ವ್ಯಾಂಕೂವರಿನಲ್ಲೇ ಹತ್ತನೇ ತರಗತಿಯವರನ್ನು ವಾರಕ್ಕೊಮ್ಮೆಯಂತೆ ಹತ್ತು ವಾರ ಚಿಕ್ಕ ತರಗತಿಯ ಮಕ್ಕಳಿಗೆ ನೆರವಾಗಲು ಕಳಿಸಿದಾಗ, ಹೋದವರ ಕೊಲೆಸ್ಟೆರಾಲ್ ಮತ್ತು ದೇಹದ ಉರಿಯೂತ ತೋರಿಸುವ ಒಂದು ಅಂಶ ಹೋಗದವರಿಗಿಂತ ಇಳಿದಿತ್ತು. ರಕ್ತಪರೀಕ್ಷೆ ಮಾಡಿ ತಿಳಿದದ್ದು.

ಹಾಗಾಗಿ ಮನೆಯಲ್ಲಿ ಮುಖ ಬಾಡಿಸಿಕೊಂಡಿರುವ ಮಗಳಿಗೆ ‘ಯಾಕೆ ಹೀಗಿದ್ದೀಯ’ ಎಂದು ನಾಲ್ಕನೇ ಸಲ ಕೇಳುವ ಬದಲು, ‘ಅಜ್ಜಿಗೆ ಫೋನಲ್ಲಿ ವಿಡಿಯೊ ಕಾಲ್ ಮಾಡೋದು ಬರ್ತಿಲ್ಲ, ಸ್ವಲ್ಪ ಹೇಳಿಕೊಡ್ತೀಯಾ?’ ಎಂದು ನೋಡಿ. ಹೇಳಿಕೊಟ್ಟಳೋ, ಸರಿ. ‘ಆಮೇಲೆ’ ಎಂದಳೋ, ಅದೂ ಸರಿ.

ಈ ‘ಅದೂ ಸರಿ’ ಬಹಳ ಮುಖ್ಯ. ನೆಟಾ ವೈನ್‌ಸ್ಟೀನ್ ಮತ್ತು ರಿಚರ್ಡ್ ರಯನ್ 2010ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ತಾನಾಗಿ ಬಯಸಿ ನೆರವಾದವನಿಗೆ ನೆಮ್ಮದಿ ಹೆಚ್ಚುತ್ತದೆ; ಒತ್ತಾಯಕ್ಕೋ ತಪ್ಪಿತಸ್ಥ ಭಾವಕ್ಕೋ ಮಾಡಿದವನಿಗೆ ಹಾಗಾಗುವುದಿಲ್ಲ. ನೆರವು ಪಡೆದವನಿಗೂ ಅಷ್ಟೇ. ಹೀಗಿರುವಾಗ ಉಪಕಾರಕ್ಕೆ ಡೈರಿ ಇಟ್ಟು, ಪೋಷಕರ ಸಹಿ ಹಾಕಿಸಿ, ಸ್ಟಾರ್ ಅಂಟಿಸುವ ಶಾಲೆಗಳು ಮಾಡುತ್ತಿರುವುದೇನು? ಸಹಿಯ ಹಿಂದಿನ ರಾತ್ರಿ ಮಕ್ಕಳು ಮೂರು ಸುಳ್ಳು ಉಪಕಾರ ಬರೆದು ಮಲಗುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ, ದೊಡ್ಡವರಿಂದಲೇ ಕಲಿತದ್ದು. ನಾಯಕರ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಬ್ರೆಡ್ಡು ವಿತರಣೆ ನಡೆದ ಮರುದಿನದ ಫೋಟೊ ನೋಡಿ: ಒಂದು ಬಾಳೆಹಣ್ಣಿಗೆ ಎಂಟು ಕೈ, ಹಾಸಿಗೆಯಲ್ಲಿದ್ದವರ ಮುಖ ಮಾತ್ರ ಚೌಕಟ್ಟಿನಿಂದ ಹೊರಗೆ. ತರಗತಿಯಲ್ಲಿ ‘ಶುಲ್ಕ ಕಟ್ಟಲಾಗದವರು ಎದ್ದು ನಿಲ್ಲಿ, ಬ್ಯಾಗ್ ಕೊಡ್ತಾರೆ’ ಎನ್ನುವುದೂ ಅದೇ ಜಾತಿಯದು. ಬ್ಯಾಗು ವರ್ಷದೊಳಗೆ ಹರಿಯುತ್ತದೆ, ಎದ್ದು ನಿಂತದ್ದು ಉಳಿಯುತ್ತದೆ.

ಹಾಗಾದರೆ ಶಾಲೆ, ಕಾಲೇಜು ಏನೂ ಮಾಡಬಾರದೇ? ಮಾಡಬಹುದು, ಆದರೆ ಯಾರ ಕೈಗೆ ಕೊಡುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಎಲಿಜಬೆತ್ ಪಲಕ್ ಮತ್ತು ಸಂಗಡಿಗರು 2012-13ರಲ್ಲಿ ಅಮೆರಿಕದ ನ್ಯೂಜೆರ್ಸಿಯ 56 ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದರು. ಮೊದಲು ಪ್ರತಿ ವಿದ್ಯಾರ್ಥಿಗೂ ಒಂದು ಪ್ರಶ್ನೆ: ಕಳೆದ ಕೆಲ ವಾರಗಳಲ್ಲಿ ನೀನು ಯಾರ ಜತೆ ಹೆಚ್ಚು ಹೊತ್ತು ಕಳೆದೆ, ಹತ್ತು ಹೆಸರಿನವರೆಗೂ ಬರಿ. ಇದರಿಂದ ಶಾಲೆಯ ಒಳಗಿನ ನಿಜವಾದ ನಕ್ಷೆ ಸಿಕ್ಕಿತು. ಅರ್ಧ ಶಾಲೆಗಳಲ್ಲಿ ಒಂದು ಸಣ್ಣ ಗುಂಪನ್ನು ಆರಿಸಿ, ಇಲ್ಲಿ ಜಗಳ ಯಾಕಾಗುತ್ತದೆ, ಏನು ಮಾಡೋಣ ಎಂದು ಅವರನ್ನೇ ಕೇಳಿದರು. ಗುಂಪಿನವರ ಬಳಿ ಕಿತ್ತಳೆ ಬಣ್ಣದ ಕೈಪಟ್ಟಿಗಳಿದ್ದವು. ಯಾರಾದರೂ ಜಗಳ ಬಿಡಿಸಿದರೆ, ಯಾರಿಗಾದರೂ ನೆರವಾದರೆ ಅಲ್ಲೇ ಒಂದು ಕೈಪಟ್ಟಿ ಕೊಡುವುದು. ಆ ಶಾಲೆಗಳಲ್ಲಿ ಜಗಳದ ಕಾರಣಕ್ಕೆ ದಾಖಲಾಗುವ ಶಿಸ್ತಿನ ಪ್ರಕರಣಗಳು ಸುಮಾರು 30 ಪ್ರತಿಶತ ಕಡಿಮೆಯಾದವು. ಗುಂಪಿನಲ್ಲಿ ಹೆಚ್ಚು ನಂಟುಳ್ಳ ಮಕ್ಕಳು ಇದ್ದಷ್ಟೂ ಪರಿಣಾಮ ಹೆಚ್ಚು. ಅಂಥವರೆಲ್ಲ ಮೇಷ್ಟರ ಮೆಚ್ಚಿನವರೇನೂ ಆಗಿರಲಿಲ್ಲ.

ನಮ್ಮಲ್ಲಿ ಇಂಥ ಕೆಲಸ ತಪ್ಪದೆ ಹೋಗುವುದು ಕ್ಲಾಸ್ ಮಾನಿಟರ್ ಕೈಗೆ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆದು, ಮತ್ತೆ ಮಾತಾಡಿದರೆ ಗುಣಿಸು ಚಿಹ್ನೆ ಹಾಕುವವನು ಅವನು. ಅವನು ಹೇಳಿದ ಒಳ್ಳೆಯತನವನ್ನು ಹಿಂದಿನ ಬೆಂಚಿನವರು ಯಾಕೆ ಕೇಳುತ್ತಾರೆ? ಮೈದಾನದಲ್ಲಿ ಟೀಮ್ ಕಟ್ಟುವವಳು, ಬಸ್ಸಿನಲ್ಲಿ ಯಾರ ಪಕ್ಕದ ಸೀಟಿಗೆ ಜಗಳವಾಗುತ್ತದೋ ಅವನು, ಇಂಥವರನ್ನು ಹುಡುಕಿ. ಅಂಥವನೊಬ್ಬ ಹೊಸದಾಗಿ ಬಂದ ಹುಡುಗನನ್ನು ‘ಬಾರೋ, ನಮ್ ಟೀಮಿಗೆ’ ಎಂದು ಕರೆದರೆ ಸಾಕು. ಪ್ರಾರ್ಥನೆಯ ವೇಳೆಯ ಭಾಷಣ ಅದರ ಸಮಕ್ಕೆ ಬಾರದು.

ಭಾರತದ್ದೇ ಉದಾಹರಣೆ ಬೇಕೆನ್ನುವವರು ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದ ‘ಸೆಹೆರ್’ ಪ್ರಯೋಗ ನೋಡಬೇಕು; ಇದು 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗೋಡೆಪತ್ರಿಕೆ, ಮನಸ್ಸಿನಲ್ಲಿರುವುದನ್ನು ಬರೆದು ಹಾಕುವ ಪೆಟ್ಟಿಗೆ, ಮಕ್ಕಳ ಗುಂಪುಗಳು, ಬೇಕೆಂದವರಿಗೆ ಆಪ್ತ ಮಾತು. ಇವನ್ನೇ ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು, ಇನ್ನು ಕೆಲವು ಕಡೆ ಅದಕ್ಕೆಂದೇ ತರಬೇತಿ ಪಡೆದು ಬಂದ, ಮನೋವೈದ್ಯರೇನೂ ಅಲ್ಲದ ‘ಸೆಹೆರ್ ಮಿತ್ರ’ರು ನಡೆಸಿದರು. ಮಿತ್ರರಿದ್ದ ಕಡೆ ಶಾಲೆಯ ವಾತಾವರಣ ತಿಳಿಯಾಯಿತು; ಕಾಟ ಕೊಡುವುದು, ಖಿನ್ನತೆಯ ಲಕ್ಷಣ ಎರಡೂ ಇಳಿದವು. ಶಿಕ್ಷಕರೇ ನಡೆಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ. ಇದರಿಂದ ಶಿಕ್ಷಕರನ್ನು ಹಳಿಯುವುದು ನ್ಯಾಯವಲ್ಲ. ಪಾಠ, ಪರೀಕ್ಷೆ, ಜನಗಣತಿ, ಚುನಾವಣೆ ಎಲ್ಲ ಅವರ ತಲೆಯ ಮೇಲೇ ಇರುತ್ತದೆ. ಜತೆಗೆ, ನನಗನ್ನಿಸುವಂತೆ, ಅಂಕ ಕೊಡುವ ಕೈಗೇ ಪೆಟ್ಟಿಗೆಯ ಬೀಗದ ಕೀಲಿಯೂ ಇದ್ದರೆ ಯಾವ ಮಗುವೂ ಅದರೊಳಗೆ ನಿಜ ಬರೆದು ಹಾಕುವುದಿಲ್ಲ.

ಹಾಸ್ಟೆಲುಗಳಲ್ಲಿ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸಿಂಧನೂರಿನ ಹುಡುಗ ಮೂಡುಬಿದಿರೆಗೆ, ಮಡಿಕೇರಿಯ ಹುಡುಗಿ ಧಾರವಾಡಕ್ಕೆ ಪಿಯು ಓದಲು ಹೋಗುತ್ತಾರೆ. ಹದಿನಾರು ವರ್ಷ, ಹೊಸ ಊರು, ಹೊಸ ಮಾತಿನ ಧಾಟಿ, ರೊಟ್ಟಿ ತಿಂದ ನಾಲಿಗೆಗೆ ಕುಸುಲಕ್ಕಿ ಅನ್ನ. ಯಾರು ಎರಡು ದಿನದಿಂದ ಊಟಕ್ಕೆ ಬಂದಿಲ್ಲ ಎಂಬುದು ವಾರ್ಡನ್‌ಗಿಂತ ಮೊದಲು ಗೊತ್ತಾಗುವುದು ಮೆಸ್ಸಿನಲ್ಲಿ ಬಡಿಸುವವರಿಗೆ. ಅವರು ಅದನ್ನು ಯಾರಿಗೆ ಹೇಳಬೇಕು ಎಂದು ಯಾರೂ ತಿಳಿಸಿರುವುದಿಲ್ಲ. ತಿಳಿಸಿ. ಕೋಣೆಯ ಗೆಳೆಯ ಮಾಡಬಹುದಾದದ್ದು ಇನ್ನೂ ಸುಲಭ: ತಡವಾಗಿ ಬರುವವನಿಗೆ ಒಂದು ತಟ್ಟೆ ಎತ್ತಿಡುವುದು, ಜ್ವರ ಬಂದವನಿಗೆ ಆ ದಿನದ ನೋಟ್ಸ್ ಕೇಳದೆಯೇ ಕಳಿಸುವುದು, ಊರಿಂದ ಬಂದ ಶೇಂಗಾ ಚಟ್ನಿ ಡಬ್ಬಿಯನ್ನು ಮಂಚದ ಕೆಳಗೆ ಬಚ್ಚಿಡದಿರುವುದು.

ದೂರದಲ್ಲಿರುವ ಬಂಧುಗಳು ಏನು ಮಾಡಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಸ್ಯಾನ್‌ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೊಟ್ಟೊ ಅವರದು. 1969ರಿಂದ ಅವರು, ಆತ್ಮಹತ್ಯೆಯ ಯತ್ನ ಅಥವಾ ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯನ್ನು ಎರಡು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ಐದು ವರ್ಷ ಪತ್ರ ಬರೆಸಿದರು. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದು. ಎರಡು ಮೂರು ಸಾಲಿನ ಪತ್ರ, ಬರೆಯುತ್ತಿದ್ದವರು ಆಸ್ಪತ್ರೆಯಲ್ಲಿ ಅವರನ್ನು ಮಾತಾಡಿಸಿದ್ದವರೇ. ನೀವು ಹೋಗಿ ಕೆಲ ದಿನವಾಯಿತು, ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕು ಅನ್ನಿಸಿದರೆ ಬರೆಯಿರಿ ಎಂಬಷ್ಟೇ ಧಾಟಿ. ಮಾತ್ರೆ ತಗೊಂಡಿರಾ, ತಪಾಸಣೆಗೆ ಯಾವಾಗ ಬರುತ್ತೀರಿ ಎಂಬ ಒಂದು ಪ್ರಶ್ನೆಯೂ ಇಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಇದು ಹರೆಯದವರ ಮೇಲಷ್ಟೇ ಮಾಡಿದ ಅಧ್ಯಯನವಲ್ಲ. ಆದರೂ, ಯಾವ ಸಂದೇಶ ಒಬ್ಬರಿಗೆ ಭಾರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಹಾಸ್ಟೆಲಿನಲ್ಲಿರುವ ಹುಡುಗನಿಗೆ ಸೋದರಮಾವ ಕಳಿಸುವ ‘ಮಾಕ್ ಟೆಸ್ಟಲ್ಲಿ ಎಷ್ಟು?’ ಎಂಬುದನ್ನೂ, ‘ಬಸ್ ಸ್ಟ್ಯಾಂಡ್ ಹತ್ರ ನೀನು ಇಷ್ಟಪಡೋ ಗಿರ್ಮಿಟ್ ಅಂಗಡಿ ಕಂಡೆ, ನಿನ್ನ ನೆನಪಾಯ್ತು, ರಿಪ್ಲೈ ಏನೂ ಬೇಡ, ಓದ್ಕೋ’ ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಅವನಿಗಲ್ಲದೆ ಬೇರೆಯವರಿಗೆ ಹೊಂದುವುದಿಲ್ಲ, ಉತ್ತರವನ್ನೂ ಬೇಡುವುದಿಲ್ಲ. ಬೆಳಗಿನ ಗುಲಾಬಿ ಹೂವಿನ ಫಾರ್ವರ್ಡು ಈ ಪರೀಕ್ಷೆಯಲ್ಲಿ ಪಾಸಾಗದು. ಬಹಳ ದಿನ ಮಾತಿಲ್ಲದವರಿಗೆ ಈಗ ಹೇಗೆ ಕಳಿಸುವುದು ಎಂದು ಹಿಂಜರಿಯುವವರಿಗೆ 2022ರ ಒಂದು ಅಧ್ಯಯನ ಧೈರ್ಯ ಕೊಡುತ್ತದೆ. ಪೆಗ್ಗಿ ಲಿಯು ಮತ್ತು ಜತೆಗಾರರು ಕಂಡುಕೊಂಡಂತೆ, ನಿರೀಕ್ಷೆಯೇ ಇಲ್ಲದಾಗ ಬಂದ ಸಂದೇಶಕ್ಕೆ ಜನ ಹೆಚ್ಚು ಸಂತೋಷಪಡುತ್ತಾರೆ, ಕಳಿಸಿದವರು ಊಹಿಸಿದ್ದಕ್ಕಿಂತಲೂ ಹೆಚ್ಚು.

ಇದೆಲ್ಲ ಚಿಕಿತ್ಸೆಗೆ ಬದಲಿ ಆಗುವುದಿಲ್ಲ. ಹುಡುಗನೊಬ್ಬನಿಗೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಇಷ್ಟದ ವಸ್ತುಗಳನ್ನು ಹಂಚಿಬಿಡುತ್ತಿದ್ದಾನೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ನಿರಾಳ’ ಎನ್ನುತ್ತಿದ್ದಾನೆ ಎಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನೇ ಬಿಡಬೇಡಿ, ಮನೆಯ ಅಥವಾ ಕಾಲೇಜಿನ ಹಿರಿಯರೊಬ್ಬರನ್ನು ಕೂಡಲೇ ಕರೆಯಿರಿ. ಗುಟ್ಟು ಕಾಪಾಡುತ್ತೇನೆಂದು ಗೆಳೆಯನಿಗೆ ಮಾತು ಕೊಟ್ಟಿದ್ದರೂ ಸರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಹದಿನೆಂಟರೊಳಗಿನವರಿಗೆ 1098 ಕೂಡ ಇದೆ. ರಾಜ್ಯದ ಯುವಜನ ಇಲಾಖೆ ನಿಮ್ಹಾನ್ಸ್ ಜತೆ ಸೇರಿ ನಡೆಸುವ ‘ಯುವ ಸ್ಪಂದನ’ದಲ್ಲಿ ಓದು, ಸಂಬಂಧ, ಮನಸ್ಸಿನ ತೊಳಲಾಟದ ಬಗ್ಗೆ ಮಾತಾಡಲು ತರಬೇತಾದ ಯುವಕ ಯುವತಿಯರಿದ್ದಾರೆ.

ಆಸ್ಪತ್ರೆಯಿಂದಲೋ ಊರಿಂದಲೋ ಆ ಹುಡುಗ ಕಾಲೇಜಿಗೆ ಮರಳಿದಾಗ ಮೊದಲ ವಾರ ಎಲ್ಲರೂ ಸುತ್ತ ನೆರೆಯುತ್ತಾರೆ, ಐದನೇ ವಾರಕ್ಕೆ ಯಾರೂ ಇರುವುದಿಲ್ಲ. ನಾಲ್ವರು ಗೆಳೆಯರು ಮೊದಲೇ ವಾರ ಹಂಚಿಕೊಂಡರೆ ಇದು ತಪ್ಪುತ್ತದೆ: ಮಂಗಳವಾರ ಒಬ್ಬ ಜತೆಗೆ ಟೀಗೆ ಹೋಗುವುದು, ಶುಕ್ರವಾರ ಇನ್ನೊಬ್ಬ ಕೇರಂ ಬೋರ್ಡ್ ತೆಗೆಯುವುದು. ಏನಾಗಿತ್ತು ಎಂದು ಅವನಾಗಿ ಹೇಳುವ ತನಕ ಕೇಳಬೇಡಿ. ಈ ಹಂಚಿಕೆ ನಡೆದಿದೆ ಎಂಬುದೂ ಅವನಿಗೆ ತಿಳಿಯಬೇಕಾಗಿಲ್ಲ.